ಬಾಂದಗಲ್ಲಿನ ಕೆಳಗಿನ ಕಾಸು

ಹೋಗಬೇಕೋ, ಬೇಡವೋ? ಹೋಗಿ ಸಿಕ್ಕಿಬಿಟ್ಟರೆ ಏನು ಮಾಡುವುದು? ಸಿಗದಿದ್ದರೆ ಅತ್ತಿಯ ಮುಖ ಹೇಗೆ ನೋಡುವುದು? ನನ್ನ ಹೊಟ್ಟೆಗೆ ಹೊಸ ಸೆಲ್ಲು ತುಂಬುತ್ತ ಕಲ್ಮೇಶ ಇಷ್ಟನ್ನೇ ತಿರುವಿ ತಿರುವಿ ಯೋಚಿಸುತ್ತಿದ್ದ. ಬಾಯಿ ಬಿಟ್ಟು ಆಡಿದ ಮಾತಲ್ಲ. ಅವನ ಮನಸ್ಸು ನನಗೆ ತಿಳಿಯುವುದು ಅವನ ಕೈಯಿಂದ. ಆ ದಿನ ಒಂದು ಸೆಲ್ಲನ್ನು ಎರಡು ಸಲ ತಲೆಕೆಳಗಾಗಿ ಹಾಕಿದ.

ನಾನು ಒಂದು ಲೋಹಶೋಧಕ. ಮೆಟಲ್ ಡಿಟೆಕ್ಟರ್ ಎಂದರೆ ಬೇಗ ಗೊತ್ತಾಗುತ್ತದೆ. ಮೇಲೊಂದು ಹಿಡಿಕೆ, ನಡುವೆ ಉದ್ದನೆಯ ಕೋಲು, ಕೆಳಗೆ ಊಟದ ತಟ್ಟೆಯಷ್ಟು ಅಗಲದ ಒಂದು ಬಿಲ್ಲೆ. ಆ ಬಿಲ್ಲೆಯೊಳಗೆ ತಾಮ್ರದ ತಂತಿ ಸುತ್ತಿದೆ. ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದೆ. ತಂತಿ ಸುತ್ತಿದವರ ಹೆಸರು ನನಗೆ ಗೊತ್ತಿಲ್ಲ. ಕೊನೆಯ ಬೆಸುಗೆಯಾದ ಮೇಲೆ ಯಾರೋ ನನ್ನೆದುರು ಒಂದು ಕೀಲಿಕೈ ಹಿಡಿದರು. ನಾನು ಕೂಗಿದೆ. ಅವರು ನನ್ನನ್ನು ಪೆಟ್ಟಿಗೆಗೆ ಹಾಕಿದರು. ನನ್ನ ಬಾಲ್ಯ ಅಷ್ಟೇ.

ಮೊದಲು ನಾನು ದುಡಿದದ್ದು ದಾಂಡೇಲಿ ದಾರಿಯ ಒಂದು ಸಾಮಿಲ್ಲಿನಲ್ಲಿ. ಯಜಮಾನ ಮೆಹಬೂಬಸಾಬ. ಊರ ಬದಿಯ ಮರಗಳಿಗೆ ಜನ ಮೊಳೆ ಹೊಡೆದಿರುತ್ತಾರೆ, ಬೋರ್ಡು ನೇತು ಹಾಕಿರುತ್ತಾರೆ. ಮರ ಬೆಳೆದು ಮೊಳೆಯನ್ನು ನುಂಗಿಬಿಡುತ್ತದೆ. ಗರಗಸ ಅದಕ್ಕೆ ತಾಗಿದರೆ ಹಲ್ಲು ಹಾರಿ ಯಾರದಾದರೂ ಕಣ್ಣು ಹೋಗಬಹುದು. ಅದಕ್ಕೇ ಪ್ರತಿ ದಿಮ್ಮಿಯ ಮೇಲೂ ನನ್ನನ್ನು ಆಡಿಸುತ್ತಿದ್ದರು. ನಾನು ಕೂಗಿದರೆ ಇಡೀ ಮಿಲ್ಲು ನಿಲ್ಲುತ್ತಿತ್ತು.

"ಕೂಗಿತು ನೋಡ್ರಲೇ, ಮಾವ ಬಂದಾನ, ಎಬ್ಬಿಸ್ರಿ!" ಎನ್ನುತ್ತಿದ್ದ ಮೆಹಬೂಬಸಾಬ; ಮೊಳೆಗೆ ಅವನಿಟ್ಟ ಹೆಸರು ಮಾವ. ಎಲ್ಲರೂ ನಗುತ್ತ ಇಕ್ಕಳ ತರುತ್ತಿದ್ದರು. ಆಗ ನನ್ನ ದನಿ ಎಲ್ಲರ ಕಿವಿಗೂ ಬೀಳುತ್ತಿತ್ತು.

ಮಿಲ್ಲು ಮುಚ್ಚಿತು. ಅದೇ ವಾರ ಕಾಲೇಜಿನ ಲೈಬ್ರರಿಯ ಕಪಾಟಿಗೆ ಹಲಗೆ ಕೇಳಲು ಒಬ್ಬ ಬಂದ. ಅವನೇ ಕಲ್ಮೇಶ. ಇತಿಹಾಸದಲ್ಲಿ ಎಂ.ಎ. ಮಾಡಿದವನು, ಮಾತು ಕಡಿಮೆ. ಹಲಗೆ ಇರಲಿಲ್ಲ. ಮೂಲೆಯಲ್ಲಿದ್ದ ನನ್ನನ್ನು ಬಹಳ ಹೊತ್ತು ನೋಡಿದ. "ಒಯ್ಯಿರಿ ಸರ, ಇಲ್ಲೇ ಇದ್ರ ತುಕ್ಕು ಹಿಡೀತೈತಿ," ಎಂದ ಮೆಹಬೂಬಸಾಬ.

ಕಲ್ಮೇಶ ಮೊದಲು ಮಾಡಿದ ಕೆಲಸವೆಂದರೆ ನನಗೊಂದು ಹೆಡ್‌ಫೋನ್ ಜೋಡಿಸಿದ್ದು. ಆಮೇಲೆ ನಾನು ಎಷ್ಟು ಕೂಗಿದರೂ ಒಬ್ಬನಿಗೆ ಮಾತ್ರ ಕೇಳುತ್ತಿತ್ತು.

ಅವನು ಕೋಟೆಗೆ ಹೋಗುತ್ತಿರಲಿಲ್ಲ, ಪಾಳುಗುಡಿಯ ಹತ್ತಿರ ಸುಳಿಯುತ್ತಿರಲಿಲ್ಲ. ಅದು ಕಾನೂನಿಗೆ ವಿರುದ್ಧ. ಕಾಲೇಜಿನ ಮೈದಾನ, ಸಂತೆಯ ಬಯಲು, ಕೇಳಿ ಒಪ್ಪಿಸಿಕೊಂಡ ಹೊಲಗಳು, ಇಷ್ಟೇ. ಸಿಗುತ್ತಿದ್ದುದು ಹಳೆಯ ಐದು ಪೈಸೆ, ಹತ್ತು ಪೈಸೆ, ಒಮ್ಮೊಮ್ಮೆ ಕಾಲಾಣೆ. ನಾಣ್ಯಕ್ಕಿಂತ ಅದನ್ನು ತೆಗೆಯುವ ಬಗೆಯಲ್ಲೇ ಅವನಿಗೆ ಆಸೆ. ನಾನು ಕೂಗಿದಲ್ಲಿ ಮಂಡಿಯೂರುತ್ತಿದ್ದ. ಹುಲ್ಲಿನ ನೆಲವನ್ನು ಚಾಕುವಿನಿಂದ ಮೂರು ಬದಿ ಕೊಯ್ಯುತ್ತಿದ್ದ. ನಾಲ್ಕನೆಯ ಬದಿ ಬೇರು ಸಹಿತ ಹಾಗೇ ಇರಬೇಕು. ಕೊಯ್ದ ಹುಲ್ಲಿನ ಪದರವನ್ನು, ಆ ಹೆಪ್ಪೆಯನ್ನು, ಬಾಗಿಲಿನಂತೆ ಹಿಂದಕ್ಕೆ ಮಗುಚುತ್ತಿದ್ದ. ಮಣ್ಣನ್ನು ಹಳೆಯ ಧೋತರದ ತುಂಡಿನ ಮೇಲೆ ಸುರಿಯುತ್ತಿದ್ದ, ಒಂದು ಹಿಡಿಯೂ ಹುಲ್ಲಿನ ಮೇಲೆ ಚೆಲ್ಲಬಾರದು. ಕಾಸು ಸಿಕ್ಕಮೇಲೆ ಅದೇ ಮಣ್ಣನ್ನು ಕುಳಿಗೆ ತುಂಬಿ, ಹೆಪ್ಪೆ ಮುಚ್ಚಿ, ಪಾದದಿಂದ ಒತ್ತಿ, ಬಾಟಲಿಯ ನೀರು ಹನಿಸಿ, ಬೆರಳಿನಿಂದ ಹುಲ್ಲು ಬಾಚುತ್ತಿದ್ದ. ಎದ್ದು ನಿಂತ ಮೇಲೆ ಜಾಗ ಯಾವುದೆಂದು ಅವನಿಗೇ ತಿಳಿಯುತ್ತಿರಲಿಲ್ಲ.

ಅತ್ತಿ ಹೇಳಿ ಕಳಿಸಿದ್ದು ಇಂಥ ಮನುಷ್ಯನಿಗೆ. ಅತ್ತಿ ಎಂದರೆ ಅವನ ತಂದೆ ಫಕೀರಗೌಡನ ತಂಗಿ, ನೀಲಗಂಗವ್ವ. ಅದೇ ಊರಿಗೇ ಕೊಟ್ಟಿದ್ದರು. ಮದುವೆಯಲ್ಲಿ ಅವಳ ತಂದೆ ಅರಿಷಿಣ ಕುಂಕುಮಕ್ಕೆಂದು ಒಂದು ಪಟ್ಟಿ ಹೊಲ ಬಿಟ್ಟುಕೊಟ್ಟಿದ್ದ. ಅಣ್ಣನ ಹೊಲ, ತಂಗಿಯ ಹೊಲ ಅಕ್ಕಪಕ್ಕ, ನಡುವೆ ಗಡಿಗೆ ನೆಟ್ಟ ಬಾಂದಗಲ್ಲು. ಅವಳ ಗಂಡ ತೀರಿದ ವರ್ಷ ಆ ಕಲ್ಲು ತನ್ನ ಹೊಲದೊಳಕ್ಕೆ ಸರಿದಿದೆ ಎಂದು ಅವಳು ಚಾವಡಿಯಲ್ಲಿ ಹೇಳಿದಳು. ಫಕೀರಗೌಡ ಹಿರಿಯರ ಮುಂದೆ, "ನನ್ನ ತಂಗಿ ಸುಳ್ಳ ಹೇಳ್ತಾಳ," ಎಂದ. ಅಂದಿನಿಂದ ಅವಳು ತವರಿನ ಹೊಸ್ತಿಲು ತುಳಿದಿಲ್ಲ. ಕಲ್ಮೇಶನ ತಾಯಿ ಸತ್ತಾಗಲೂ ಬಾಗಿಲ ಹೊರಗೆ ನಿಂತು ಅತ್ತು ಹೋದಳು.

ನಾವು ಹೋದಾಗ ಅವಳು ಹೊಲದ ಬೇವಿನ ಬುಡದಲ್ಲಿ ಕುಳಿತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು.

"ಬಾಂದಗಲ್ಲು ನೆಡೂಮುಂದ ಕೆಳಗ ಇದ್ದಲಿ ಹಾಕ್ತಾರ, ಕಾಸು ಹಾಕ್ತಾರ. ಕಲ್ಲು ಕಿತ್ತರೂ ಸಾಕ್ಷಿ ಮಣ್ಣಾಗ ಇರಲಿ ಅಂತ," ಎಂದಳು. "ತೂತಿನ ಕಾಸು, ಮೂರು. ಅಪ್ಪ ನನ್ನ ಕೈಲೇ ಹಾಕ್ಸಿದ್ದ. ಈಗಿನ ಕಲ್ಲಿನ ಬುಡಕ ಏನೂ ಇಲ್ಲ, ನಾ ಕೆದರಿ ನೋಡೇನಿ. ನಿಮ್ಮಪ್ಪನ ಹುಲ್ಲಾಗ ನೋಡು."

"ಸಿಕ್ಕರ ಹೊಲಾ ಕೇಳಾಕಿ ಏನು ಅತ್ತಿ?"

"ಹೊಲಾ ತಗೊಂಡು ಈ ವಯಸ್ಸಿನಾಗ ಏನ್ ತಲಿಮ್ಯಾಗ ಹೊರಲೇನು? ನೀಲಗಂಗವ್ವ ಸುಳ್ಳಿ ಅಲ್ಲ ಅಂತ ಒಬ್ಬರರ ಅನಬೇಕು. ಅಷ್ಟ."

ಫಕೀರಗೌಡ ತನ್ನ ಹೊಲವನ್ನೆಲ್ಲ ಉಳುತ್ತಿದ್ದ. ತಂಗಿಯ ಹೊಲದ ಕಡೆಯ ಬದುವಿಗೆ ಹತ್ತಿದ ಒಂದು ಪಟ್ಟಿಯನ್ನು ಮಾತ್ರ ಎಂದೂ ಉತ್ತವನಲ್ಲ. ಅಲ್ಲಿ ಕರಕಿ ಹುಲ್ಲು ದಟ್ಟವಾಗಿ ಬೆಳೆದಿತ್ತು. ಎತ್ತಿಗೆ ಮೇವಾಗಲಿ ಅಂತ ಬಿಟ್ಟಿದ್ದಾನೆ ಎಂದುಕೊಂಡಿದ್ದರು ಊರವರು. ಕಲ್ಮೇಶನೂ ಹಾಗೇ ಎಂದುಕೊಂಡಿದ್ದ.

ಅವನು ನನ್ನನ್ನು ಹುಲ್ಲಿನ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಆಡಿಸತೊಡಗಿದ. ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ದ್ಯಾವಪ್ಪ ನಿಂತ.

"ಏನ್ರಿ ಸರ, ಹೊಲಕ್ಕ ಇಸ್ತ್ರಿ ಮಾಡಾಕತ್ತೀರೇನು?"

"ನಿನ್ನ ಎಮ್ಮಿ ಮೈಗೂ ಒಂದು ಕೈ ಹೊಡಸ್ಕೊಂಡು ಹೋಗು, ಸುಕ್ಕರ ಹೋಗ್ಲಿ!" ಎಂದಳು ಅತ್ತಿ ಬೇವಿನ ಬುಡದಿಂದ. ದ್ಯಾವಪ್ಪ ನಗುತ್ತ ಹೋದ.

ನಾನು ಕೂಗಿದೆ. ಎತ್ತಿನ ಲಾಳ. "ಏನ್ ಬಂತೋ?" ಎಂದಳು ಅತ್ತಿ, ಅವನು ಬಾಗಿದ್ದು ಮಸುಕಾಗಿ ಕಂಡು. "ಲಾಳ, ಅತ್ತಿ." ಇನ್ನೊಮ್ಮೆ ಕೂಗಿದೆ. ಬಾಟಲಿಯ ಮುಚ್ಚಳ. "ಏನ್ ಬಂತೋ?" "ಸೋಡಾ ಮುಚ್ಚಳ." ಹೀಗೇ ನಡೆಯಿತು. ಅವನು ಪ್ರತಿಯೊಂದನ್ನೂ ಹೆಗಲ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ.

ಪಟ್ಟಿಯ ಆಚೆ ಅಂಚಿನಲ್ಲಿ ನಾನು ಬೇರೆ ದನಿಯಲ್ಲಿ ಕೂಗಿದೆ. ಕಬ್ಬಿಣಕ್ಕೆ ನನ್ನ ದನಿ ಒಡೆಯುತ್ತದೆ, ತಾಮ್ರಕ್ಕೆ ಒಡೆಯುವುದಿಲ್ಲ. ಅವನು ಅಡ್ಡ ತಿರುಗಿ ನಿಂತು ಮತ್ತೊಮ್ಮೆ ಆಡಿಸಿದ. ಅದೇ ದನಿ, ಅದೇ ಜಾಗ. ನನ್ನನ್ನು ಕೆಳಗಿಟ್ಟ. ಮೂರು ಬದಿ ಕೊಯ್ದ, ಹೆಪ್ಪೆ ಮಗುಚಿದ, ಮಣ್ಣನ್ನು ಬಟ್ಟೆಯ ಮೇಲೆ ಸುರಿದ. ಗೇಣು ಆಳಕ್ಕೆ ಇದ್ದಲಿಯ ಚೂರುಗಳು ಬಂದವು. ಎರೆಮಣ್ಣೂ ಕಪ್ಪೇ, ಆದರೆ ಇದ್ದಲಿ ಬೆರಳಿಗೆ ಬೇರೆ ಥರ ಹೊಳೆಯುತ್ತದೆ. ಅದರ ಕೆಳಗೆ ಒಂದರ ಮೇಲೊಂದು ಕೂತು ಹಸಿರುಗಟ್ಟಿದ ತೂತಿನ ಕಾಸು, ಮೂರೂ. ಅವನು ಅವುಗಳನ್ನು ಬೆರಳಿಂದ ಮುಟ್ಟಿದ. ಎತ್ತಲಿಲ್ಲ.

"ಏನ್ ಬಂತೋ, ಕಲ್ಮೇಶಾ?"

ಗಾಳಿ ಇರಲಿಲ್ಲ. ಅವನ ಮುಖದಲ್ಲಿ ದುಃಖವಾಗಲಿ ಹೆದರಿಕೆಯಾಗಲಿ ನನಗೆ ಕಾಣಲಿಲ್ಲ. ಬಟ್ಟೆಯ ಮೇಲಿನ ಮಣ್ಣನ್ನು ಕುಳಿಗೆ ಸುರಿದ. ಹೆಪ್ಪೆ ಮುಚ್ಚಿದ. ಪಾದದಿಂದ ಒತ್ತಿದ, ನೀರು ಹನಿಸಿದ, ಹುಲ್ಲು ಬಾಚಿದ. ಅವನು ಆವರೆಗೆ ಮುಚ್ಚಿದ ಕುಳಿಗಳಲ್ಲೆಲ್ಲ ಅದೇ ಅಚ್ಚುಕಟ್ಟಾದದ್ದು. ಆಮೇಲೆ ಚೀಲದಿಂದ ಮೊದಲಿನ ಲಾಳವನ್ನೇ ತೆಗೆದು ಹೋಗಿ ಅವಳ ಅಂಗೈಯಲ್ಲಿಟ್ಟ.

"ಲಾಳ, ಅತ್ತಿ. ಬ್ಯಾರೆ ಏನೂ ಇಲ್ಲ."

ಅವಳು ಲಾಳವನ್ನು ಬೆರಳಿನಿಂದ ಸವರಿ ನೋಡಿದಳು. "ಪೂರಾ ನೋಡಿದೇನು?"

"ಪೂರಾ ನೋಡೇನಿ."

ಅವಳು ಬೇವಿನ ಬುಡ ಹಿಡಿದು ಎದ್ದಳು. "ಹಂಗಾರ ನಂದ ತಪ್ಪು. ಎಲ್ಲಿ ಹಾಕಿದ್ನೋ ಏನೋ. ಹಾಕಿದ್ನೋ ಇಲ್ಲೋ. ಸುಮ್ಮನ ಅಣ್ಣಗ ಚಾವಡ್ಯಾಗ ನಿಂದರಿಸಿದೆ. ನಡಿ, ಅವನ ಕಡೆ ಕರಕೊಂಡು ನಡಿ."

ಕಲ್ಮೇಶ ಇದನ್ನು ಎಣಿಸಿರಲಿಲ್ಲ. ನನ್ನ ಹಿಡಿಕೆಯ ಮೇಲೆ ಅವನ ಕೈ ಸಡಿಲಾಯಿತು, ಮತ್ತೆ ಬಿಗಿಯಿತು. ಇನ್ನೊಂದು ಕೈಯಿಂದ ಅವಳ ಕೈ ಹಿಡಿದು ನಡೆದ.

ಫಕೀರಗೌಡ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಗೋಡೆಗೆ ಒರಗಿಸಿದ್ದರಿಂದ ಎಲ್ಲವೂ ನನಗೆ ಕಂಡಿತು. ನೀಲಗಂಗವ್ವ ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟಳು.

"ಅಣ್ಣಾ, ನಿನ್ನ ಮಗಾ ಪೂರಾ ಹುಡುಕಿದ. ಏನೂ ಸಿಗಲಿಲ್ಲ. ನಾನ ಸುಳ್ಳ ಹೇಳಿದ್ನಿ, ಗೊತ್ತಿಲ್ಲದನ ಹೇಳಿದ್ನಿ. ಹೊಟ್ಯಾಗ ಹಾಕ್ಕೋ."

ಮುದುಕ ತಂಗಿಯ ಮುಖ ನೋಡಲಿಲ್ಲ. ಮಗನ ಕಡೆ ತಿರುಗಿದ. "ಎಲ್ಲೆಲ್ಲಿ ನೋಡಿದಿ?"

"ಬದುವಿನ ಎರಡೂ ಮಗ್ಗಲಕ."

"ಹುಲ್ಲಾಗ?"

"ಹುಲ್ಲಾಗೂ."

ಮುದುಕನ ಕಣ್ಣು ಕಲ್ಮೇಶನ ಬೆರಳುಗಳ ಮೇಲೆ ನಿಂತಿತು. ಉಗುರಿನ ಸಂದಿಯಲ್ಲಿ ಇದ್ದಲಿ ಹೊಳೆಯುತ್ತಿತ್ತು. ತಾನು ಕಿತ್ತ ಕಲ್ಲಿನ ಕೆಳಗೆ ಏನಿತ್ತೆಂದು ಅವನಿಗೆ ಗೊತ್ತಿತ್ತು.

"ಕೈ ತೊಳಕೋ ಹೋಗು," ಎಂದ. ಆಮೇಲೆ ತಂಗಿಗೆ, "ಬಾ, ಒಳಗ ಬಾ. ಊಟದ ಹೊತ್ತಾತು."

ಅವಳು ಒಳಗೆ ಬಂದಳು. ಒಂದು ರೊಟ್ಟಿ ತಿಂದಳು. ಅಣ್ಣ ತನ್ನ ತಾಟಿನ ಬೆಣ್ಣೆಯನ್ನು ಅವಳ ತಾಟಿಗೆ ಹಾಕಿದ. ಅವಳು ಅತ್ತಳು. ಅವನು ಅಳಲಿಲ್ಲ.

ಅಂದಿನಿಂದ ಹಬ್ಬಕ್ಕೆಲ್ಲ ಅವಳು ತವರಿಗೆ ಬರತೊಡಗಿದಳು. ಬಂದಾಗಲೆಲ್ಲ ಯಾರಾದರೂ ಹಳೆಯ ಮಾತು ಎತ್ತಿದರೆ, "ನಾ ಮರಗುಳಿ, ನನ್ನ ಮಾತು ನಂಬಬ್ಯಾಡ್ರಿ," ಎಂದು ತಾನೇ ನಗುತ್ತಿದ್ದಳು. ಒಲೆಯ ಮೇಲೆ ಹಾಲು ಇಟ್ಟಿದ್ದೆನೋ ಇಲ್ಲವೋ ಎಂದು ಕಲ್ಮೇಶನ ಹೆಂಡತಿಯನ್ನು ಮತ್ತೆ ಮತ್ತೆ ಕೇಳತೊಡಗಿದಳು. ಕಲ್ಮೇಶ ಆಗ ಎದ್ದು ಹೊರಗೆ ಹೋಗುತ್ತಿದ್ದ. ಫಕೀರಗೌಡ ಆ ಹುಲ್ಲಿನ ಪಟ್ಟಿಯನ್ನು ಉಳದೆಯೇ ತೀರಿಕೊಂಡ. ಹೆಗಲು ಕೊಟ್ಟವರ ಹಿಂದೆ ತಂಗಿ ಊರ ಅಗಸೆಬಾಗಿಲ ತನಕ ನಡೆದಳು. ಎರಡು ವರ್ಷಕ್ಕೆ ಅವಳೂ ಹೋದಳು.

ಕಲ್ಮೇಶ ಮತ್ತೆ ನನ್ನನ್ನು ಹೊಲಕ್ಕೆ ಒಯ್ಯಲಿಲ್ಲ. ಸೋರದಿರಲಿ ಎಂದು ಸೆಲ್ಲು ತೆಗೆದ, ಹೆಡ್‌ಫೋನಿನ ವೈರು ಸುತ್ತಿದ, ಅಟ್ಟದ ಮೇಲೆ ಹೊಲಿಗೆ ಯಂತ್ರದ ಪಕ್ಕ ಇಟ್ಟ. ಇಲ್ಲಿ ಬಿಸಿಲು ಬರುವುದಿಲ್ಲ. ನನಗೆ ಒಂದೇ ಮಾತು ಬರುತ್ತದೆ: ಇಲ್ಲಿ ಏನೋ ಇದೆ. ಅದು ಯಾರದು, ಯಾಕೆ ಅಲ್ಲಿದೆ ಎಂದು ಹೇಳುವುದು ನನಗೆ ಕಲಿಸಿಲ್ಲ. ಅದನ್ನು ಹೇಳಬಲ್ಲವನು ಕೆಳಗಿನ ಕೋಣೆಯಲ್ಲಿ ಪುಸ್ತಕ ತೆರೆದು ಕೂತಿರುತ್ತಾನೆ, ಹಾಳೆ ತಿರುವುವ ಸಪ್ಪಳ ಬರುವುದಿಲ್ಲ. ತಂದೆಯನ್ನು ಉಳಿಸಲು ಹಾಗೆ ಮಾಡಿದನೋ, ಬರೀ ಕೈಯ ರೂಢಿಯಿಂದ ಮಾಡಿದನೋ, ನನಗೆ ಇಂದಿಗೂ ತಿಳಿದಿಲ್ಲ.

ಕಾಸು ಅವಳು ಹೇಳಿದಲ್ಲೇ ಇದ್ದವು ಎಂದು ಕಲ್ಮೇಶ ನೀಲಗಂಗವ್ವನಿಗೆ ಹೇಳಲಿಲ್ಲ.