ಗಾಳಿ ಸೋಕಿದ ಶಾಲೆ

ಎಂಟರ ಮಗ್ಗಿ ಒಪ್ಪಿಸುತ್ತಿದ್ದ ಕಾಟಮ್ಮ ನಡುವೆ ತಡವರಿಸಿದಳು. ಮರೆತಿರಬೇಕೆಂದು ಪಾಠ ಹೇಳುತ್ತಿದ್ದ ಕೊಟ್ರಮ್ಮ "ಮುಂದೆ?" ಎನ್ನುವಷ್ಟರಲ್ಲಿ ಹುಡುಗಿ ಪಕ್ಕದವಳ ಮೈಮೇಲೆ ಕುಸಿದುಬಿದ್ದಳು.

"ಬಾಗಿಲು ತೆಗೀರೇ!" ಎಂದು ಕೂಗಿ ಕೊಟ್ರಮ್ಮ ಅವಳನ್ನು ಎತ್ತಿಕೊಂಡೇ ಹೊರಗೆ ಬಂದಳು. ಬೀದಿಯ ಬೇವಿನ ನೆರಳಲ್ಲಿ ಮಲಗಿಸಿ, ಮುಖಕ್ಕೆ ನೀರು ಚಿಮುಕಿಸಿ, ಸೆರಗಿನಿಂದ ಬೀಸಿದಳು. ಕಾಟಮ್ಮ ಕಣ್ಣು ಬಿಡುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ತಾಯಿ ದುರುಗಮ್ಮ ಓಡಿ ಬಂದು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಗಾಳಿ ಸೋಕೈತೆ ನನ್ನ ಕೂಸಿಗೆ. ಆ ಕತ್ಲೆ ಕೋಣ್ಯಾಗೆ ಏನೋ ಐತೆ."

"ಗಾಳಿ ಸೋಕದೇ ಇದ್ದಿದ್ದಕ್ಕೇ ಬಿದ್ದಾಳೆ, ದುರುಗಮ್ಮ," ಎಂದಳು ಕೊಟ್ರಮ್ಮ.

ಯಾರೂ ನಗಲಿಲ್ಲ. ಮರುದಿನ ಶಾಲೆಗೆ ಬಂದವರು ನಾಲ್ಕೈದು ಹುಡುಗಿಯರು ಮಾತ್ರ.

ಜಗಳೂರಿನ ಆ ಹೆಣ್ಣುಮಕ್ಕಳ ಶಾಲೆ ನಡೆಯುತ್ತಿದ್ದದ್ದು ಒಂದು ಕಾಲಕ್ಕೆ ಹತ್ತಿಯ ಉಗ್ರಾಣವಾಗಿದ್ದ ಕಟ್ಟಡದಲ್ಲಿ. ಅರಳೆಗೆ ಎಲ್ಲಿಂದಾದರೂ ಕಿಡಿ ಹಾರೀತೆಂದು ಅದಕ್ಕೆ ಒಂದೂ ಕಿಟಕಿ ಇಡದೆ ಕಟ್ಟಿಸಿದವರು ಅಂಗಡಿ ರೇವಣ್ಣನವರು. ಅವರು ತೀರಿಕೊಂಡ ಮೇಲೆ ಹೆಂಡತಿ ಭೀಮಕ್ಕ ಅದನ್ನು ಸರ್ಕಾರದ ಶಾಲೆಗೆ ಬಾಡಿಗೆಗೆ ಕೊಟ್ಟಿದ್ದಳು. ಇದ್ದದ್ದು ಒಂದೇ ಬಾಗಿಲು. ಅದು ಬೀದಿಗೆ ತೆರೆಯುತ್ತಿದ್ದರಿಂದ, ಹೋಗಿಬರುವವರು ಹುಡುಗಿಯರನ್ನು ನೋಡುತ್ತಾರೆಂದು ಹಿರಿಯರು ಪಾಠದ ಹೊತ್ತಿನಲ್ಲಿ ಅದನ್ನೂ ಮುಚ್ಚಿಸುತ್ತಿದ್ದರು; ಸೂರಿನ ಒಂದು ಗಾಜಿನ ಹೆಂಚಿನಿಂದ ಬೀಳುವ ಮಂದ ಬೆಳಕಲ್ಲೇ ಪಾಠ ನಡೆಯುತ್ತಿತ್ತು. ಹತ್ತಿ ಹೋಗಿ ಎಷ್ಟೋ ವರ್ಷವಾಗಿದ್ದರೂ ಗೋಡೆಯ ಸಂದುಗಳಲ್ಲಿ, ತೊಲೆಗಳ ಮೇಲೆ ಅದರ ಧೂಳು ಕೂತೇ ಇತ್ತು. ಹುಡುಗಿಯರು ದನಿಗೂಡಿಸಿ ಹಾಡಿದರೆ ಮೇಲಿನಿಂದ ಉದುರುತ್ತಿತ್ತು.

ಕೊಟ್ರಮ್ಮ ಹೊನ್ನಾಳಿಯವಳು, ಹೊಳೆಯ ಮೇಲಿನ ಗಾಳಿ ಕುಡಿದು ಬೆಳೆದವಳು. ಇಲ್ಲಿಗೆ ಬಂದ ವಾರದಲ್ಲೇ ಶಾಲೆಯ ಹಿಂದೆಯೇ ಇದ್ದ ಭೀಮಕ್ಕನ ಮನೆಗೆ ಹೋಗಿ, ಹಿತ್ತಲ ಗೋಡೆಗೆ ಒಂದು ಕಿಟಕಿ ಒಡೆಸಿಕೊಡಿ ಎಂದು ಕೇಳಿದ್ದಳು. "ನಮ್ಮನೆಯವರು ನಿಂತು ಕಟ್ಟಿಸಿದ ಗೋಡೆ. ಹಾರೆ ಮುಟ್ಟಿಸಾಕೆ ಬಿಡಲ್ಲ. ಅದೂ ನನ್ನ ಬಚ್ಚಲ ಕಡೀಗೆ!" ಎಂದು ಭೀಮಕ್ಕ ಮಾತು ಮುಗಿಸಿದ್ದಳು.

ಈಗ ಕೊಟ್ರಮ್ಮ ಎರಡನೆಯ ಸಲ ಹೋದಾಗ ಭೀಮಕ್ಕ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮುಖ ಕೆಂಪಾಗಿತ್ತು.

"ಕೇಳಿದ್ರೇನ್ರೀ ಮೇಷ್ಟ್ರಮ್ಮ, ಊರಾಗಿನ ಮಾತು? ಹುಡುಗೀನ ಹಿಡ್ಕಂಡಿದ್ದು ನಮ್ಮನೆಯವರಂತೆ! ಸತ್ತು ಗಾಳಿಯಾಗಿ ಉಗ್ರಾಣದಾಗೆ ಕುಂತಾರಂತೆ! ಒಂದು ಇರುವೆ ತುಳೀದ ಮನುಷ್ಯ."

"ಕೇಳಿದೆ. ಅದಕ್ಕೇ ಬಂದೆ. ನಾಳೆ ಹುಡುಗೀರ ತಾಯಂದಿರನ್ನೆಲ್ಲ ಶಾಲೆಗೆ ಕರೆದೀನಿ. ಬಾಗಿಲು ಹಾಕ್ಕಂಡು ಪಾಠ ಕೇಳಲಿ. ನೀವೂ ಬಂದು ಮುಂದೆ ಕೂತ್ಕೊಳ್ರಿ. ಅಲ್ಲಿ ಯಾರಿದಾರೆ, ಯಾರಿಲ್ಲ ಅಂತ ಅವರೇ ನೋಡ್ಲಿ."

ಭೀಮಕ್ಕ ಕೈಯಲ್ಲಿದ್ದ ಬೀಜವನ್ನು ಬುಟ್ಟಿಗೆ ಎಸೆದಳು. "ಬರ್ತೀನಿ. ಎಲ್ಲರಿಗಿಂತ ಮೊದ್ಲು ಬರ್ತೀನಿ. ಕಡೀಗೆ ಏಳ್ತೀನಿ."

ಮಾತಿಗೆ ತಪ್ಪಲಿಲ್ಲ. ಮರುದಿನ ಬಿಸಿಲೇರುವ ಹೊತ್ತಿಗೆ ಕೋಣೆ ಹೆಂಗಸರಿಂದ ತುಂಬಿತ್ತು. ದುರುಗಮ್ಮ ಬಾಗಿಲ ಪಕ್ಕದಲ್ಲೇ, ಓಡಲು ತಯಾರಾದವಳಂತೆ ಕುಳಿತಿದ್ದಳು. ಭೀಮಕ್ಕ ಹಲಗೆಯ ಎದುರಿಗೆ ಚಕ್ಕಳಮಕ್ಕಳ ಹಾಕಿದ್ದಳು. ಕೊಟ್ರಮ್ಮ ಬಾಗಿಲು ಹಾಕಿ, ಅವರೇನು ಹೊಸಬರಲ್ಲವೆಂಬಂತೆ ಪಾಠ ಶುರುಮಾಡಿದಳು. ಮೊದಲು ಅಕ್ಷರ, ಆಮೇಲೆ ಮಗ್ಗಿ, ಆಮೇಲೆ ತುಂಗಭದ್ರೆ ಎಲ್ಲಿ ಹುಟ್ಟಿ ಎಲ್ಲೆಲ್ಲಿ ಹರಿಯುತ್ತದೆ ಎಂಬುದು.

ಹೊಳೆ ಹೊನ್ನಾಳಿ ದಾಟುವಷ್ಟರಲ್ಲಿ ಒಬ್ಬಳು ಆಕಳಿಸಿದಳು. ಮತ್ತೊಬ್ಬಳು ಸೆರಗಿನಿಂದ ಕತ್ತು ಒರೆಸಿಕೊಂಡಳು. ಮೂಲೆಯಲ್ಲಿ ಕೆಮ್ಮು ಹುಟ್ಟಿ ಸಾಲಿನಿಂದ ಸಾಲಿಗೆ ದಾಟಿತು. ದುರುಗಮ್ಮ ತಲೆ ಸುತ್ತಿದಂತಾಗಿ ಗೋಡೆಗೆ ಒರಗಿದಳು.

"ಏನಾತು ದುರುಗಮ್ಮ? ಯಾರು ಹಿಡಕಂಡ್ರು?" ಎಂದಳು ಕೊಟ್ರಮ್ಮ.

"ಯಾರೂ ಇಲ್ರೀ. ಉಸ್ರು ಕಟ್ತೈತೆ. ಬಾಗ್ಲು ತೆಗೀರಿ ತಾಯಿ."

ಬಾಗಿಲು ತೆರೆದದ್ದೇ ತಡ, ಹೆಂಗಸರು ಒಬ್ಬರ ಹಿಂದೊಬ್ಬರು ಎದ್ದು ಹೊರಗೆ ಹೋದರು. ಬೇವಿನ ಕೆಳಗೆ ಅವರು ನಗುವುದೂ ಕೆಮ್ಮುವುದೂ ಕೇಳಿಸಿತು. ಒಳಗೆ ಉಳಿದವಳು ಭೀಮಕ್ಕ ಒಬ್ಬಳೇ. ಏಳುವುದಿಲ್ಲವೆಂದು ಹಟ ಹಿಡಿದಿದ್ದವಳಿಗೆ ಕೆಮ್ಮು ಒತ್ತರಿಸಿ ಬಂದಿತ್ತು. ಕೊಟ್ರಮ್ಮ ನೀರು ತಂದು ಕೊಟ್ಟಳು. ಭೀಮಕ್ಕ ಕುಡಿದು, ಲೋಟ ಕೆಳಗಿಟ್ಟು, ಎದೆ ನೀವಿಕೊಂಡಳು.

"ಅವರೂ ಹಿಂಗೇ ಕೆಮ್ಮತಿದ್ರು," ಎಂದಳು. "ಅರಳೆ ತುಂಬೋ ದಿನದಾಗೆ ಜಾಸ್ತಿ. ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತಿರೋರು. ಮಾಟ ಮಾಡ್ಸಾರೆ ಯಾರೋ ಅಂತ ನಾನು ಎಲ್ಲೆಲ್ಲಿಗೋ ಹರಕೆ ಹೊತ್ತೆ."

ಕೊಟ್ರಮ್ಮ ಪಕ್ಕದಲ್ಲಿ ಕುಳಿತಳು. ಭೀಮಕ್ಕ ಹಿತ್ತಲ ಗೋಡೆಯನ್ನೇ ನೋಡಿದಳು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟಳು.

"ಎಲ್ಲಿ ಬೇಕ್ರೀ ನಿಮ್ಮ ಕಿಟಕಿ?"

"ನಿಮ್ಮ ಕೈ ಇರೋ ಕಡೆನೇ. ಆದ್ರೆ ಒಂದು ಸಾಲದು. ಒಳಗೆ ಬಂದ ಗಾಳಿ ಹೋಗಾಕೂ ದಾರಿ ಬೇಕು. ಬೀದಿ ಕಡೆ ಗೋಡೆಗೆ ಇನ್ನೊಂದು ಇಡ್ಸಿ. ಯಾರೂ ಇಣುಕದಂಗೆ, ಸೂರಿನ ಕೆಳಗೆ."

"ಬೆರಳು ತೋರ್ಸಿದ್ರೆ ಹಸ್ತ ನುಂಗ್ತೀರಿ ನೀವು!" ಎಂದು ಭೀಮಕ್ಕ ಗದರಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಬಚ್ಚಲಿಗೆ ತಡಿಕೆ ಕಟ್ಟಿಸ್ಕಂತೀನಿ ಬಿಡ್ರಿ. ಓಬಣ್ಣಗೆ ಹೇಳಿ ಕಳಸ್ರಿ," ಎಂದಳು.

ಗೋಡೆ ಕೆಲಸದ ಓಬಣ್ಣ ಮೊದಲ ಹಾರೆ ಹಾಕುವಾಗ ಭೀಮಕ್ಕ ಅಲ್ಲಿ ನಿಲ್ಲಲಿಲ್ಲ; ಒಳಮನೆಗೆ ಹೋದಳು. ಎರಡೂ ಗೋಡೆ ತೂತಾಗಿ ಬೆಳಕು ನುಗ್ಗಿದ ಮೇಲೆ ಮಾತ್ರ ಬಂದಳು. ತೊಲೆಗಳ ಮೇಲಿನ ಹಳೆಯ ಧೂಳನ್ನು ಕೊಟ್ರಮ್ಮ ಬಾಯಿಗೆ ಬಟ್ಟೆ ಕಟ್ಟಿಕೊಂಡು ಗುಡಿಸುತ್ತಿದ್ದಳು. ಭೀಮಕ್ಕ ಇನ್ನೊಂದು ಪೊರಕೆ ತೆಗೆದುಕೊಂಡಳು. ಕೋಣೆಯನ್ನು ತೊಳೆದು, ಸುಣ್ಣ ಬಳಿದು, ಒಣಗಿಸಿದರು. ಹುಡುಗಿಯರು ಮೊದಲು ಇಬ್ಬರು ಮೂವರಾಗಿ, ಆಮೇಲೆ ಗುಂಪಾಗಿ ಬಂದರು. ದುರುಗಮ್ಮ ಮಗಳನ್ನು ತಾನೇ ಕರೆದುಕೊಂಡು ಬಂದು ಕಿಟಕಿಯ ಪಕ್ಕದಲ್ಲಿ ಕೂರಿಸಿದಳು.

"ಇಲ್ಲಿಂದ ಏಳಬ್ಯಾಡ. ಯಾರು ಎಬ್ಬಿಸಿದ್ರೂ ಏಳಬ್ಯಾಡ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದಳು.

ಕಿಟಕಿಗೆ ಇನ್ನೂ ಕಂಬಿ ಕೂರಿಸಿರಲಿಲ್ಲ. ಕಾಟಮ್ಮ ಹೊಸ ಪದ ಬರೆಯುತ್ತಿರುವಾಗ ಭೀಮಕ್ಕನ ಎಮ್ಮೆ ಹಗ್ಗ ಕಿತ್ತುಕೊಂಡು ಬಂದು ತಲೆಯನ್ನು ಒಳಗೆ ತೂರಿಸಿತು. ಹುಡುಗಿಯರು ಕಿರುಚಿದರು. ಕೊಟ್ರಮ್ಮ ಹಲಗೆಯ ಕಡೆಯಿಂದ ತಿರುಗದೆ, "ಅದಕ್ಕೂ ಜಾಗ ಮಾಡ್ರೇ, ಬರೀರಿ," ಎಂದಳು. ಎಮ್ಮೆ ಕಾಟಮ್ಮನ ಸ್ಲೇಟನ್ನು ಮೂಸಿ ಒಂದು ದೀರ್ಘ ಉಸಿರು ಬಿಟ್ಟು, ಭೀಮಕ್ಕನ ಕೂಗಿಗೆ ತಲೆ ಹಿಂದಕ್ಕೆ ಎಳೆದುಕೊಂಡಿತು.

ಸ್ಲೇಟಿನ ತುಂಬ ಹಬೆ ಕೂತಿತ್ತು. ಕಾಟಮ್ಮ ಅದನ್ನು ಒರೆಸಲಿಲ್ಲ. ಬಳಪ ಹಿಡಿದುಕೊಂಡು, ಕಿಟಕಿಯ ಗಾಳಿಗೆ ಆ ಹಬೆ ಅಂಚಿನಿಂದ ಮೆಲ್ಲಗೆ ಒಣಗುತ್ತ ಬರುವುದನ್ನು ನೋಡುತ್ತ ಕುಳಿತಳು.