ಎರಡು ಬಟ್ಟಲು ಗೊಜ್ಜು

ಆ ಸ್ಟೀಲಿನ ಡಬ್ಬಿಯ ಕೊಂಡಿ ಹಾಕಿದಾಗ ಟಕ್ಕೆಂದು ಸದ್ದಾಗುತ್ತಿತ್ತು. ನಾವಿಬ್ಬರೂ ಯಾವ ಊರಿಗೆ ಹೊರಟರೂ ಅದು ನನ್ನ ಗಂಡನ ಚೀಲದಲ್ಲಿರುತ್ತಿತ್ತು. ಹೋಗುವಾಗ ಖಾಲಿ, ಬರುವಾಗ ಭರ್ತಿ. ಎಲ್ಲೋ ಉಂಡದ್ದು ನಾಲಿಗೆಗೆ ಹಿಡಿಸಿತೆಂದರೆ, ಒಂದಿಷ್ಟು ಕೇಳಿ ತುಂಬಿಸಿಕೊಂಡು, ಕೊಂಡಿ ಹಾಕಿ, ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಊರಿಗೆ ತರುತ್ತಿದ್ದರು. ಊರೂರು ತಿರುಗಿಸಿ ಬಗೆಬಗೆಯದು ತಿನ್ನಿಸುವ ಗಂಡ ಸಿಕ್ಕಿದ್ದಾನೆಂದು ಓಣಿಯ ಹೆಂಗಸರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ನನಗೋ ಆ ಸದ್ದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಯಾಕೆಂದರೆ ಡಬ್ಬಿ ಮನೆಗೆ ಬಂದ ಮೇಲೆ ಪರೀಕ್ಷೆ ನನಗೆ. ಡಬ್ಬಿಯಲ್ಲಿದ್ದದ್ದನ್ನೇ ನಾನೂ ಮಾಡಬೇಕು. ಸ್ನೇಹಿತರನ್ನು ಊಟಕ್ಕೆ ಕರೆಯುತ್ತಿದ್ದರು. ಎಲೆಯ ಎಡಕ್ಕೊಂದು ಬಟ್ಟಲು, ಅದರಲ್ಲಿ ಡಬ್ಬಿಯದು. ಬಲಕ್ಕೊಂದು ಬಟ್ಟಲು, ಅದರಲ್ಲಿ ನನ್ನದು. ಇವರು ಎರಡನ್ನೂ ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದರು. "ಇದು ಅದಲ್ಲ ಕಣೇ. ಹದ ಇಲ್ಲ." ಉಣ್ಣಲು ಬಂದವರು ಏನು ಹೇಳಿಯಾರು? ತಲೆಯಾಡಿಸುತ್ತಿದ್ದರು. ಒಮ್ಮೆ ತಡೆಯಲಾರದೆ, "ಅಲ್ಲಿನ ನೀರೇ ಬೇರೆ ರೀ" ಎಂದೆ. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಎಲ್ಲರೆದುರು ನಕ್ಕುಬಿಟ್ಟರು. ಆವತ್ತು ನಾನು ಪಾತ್ರೆ ತಿಕ್ಕಿದ ರಭಸಕ್ಕೆ ಒಂದು ತಪ್ಪಲೆಯ ಕಲಾಯಿಯೇ ಕಿತ್ತುಹೋಯಿತು.

ನನಗೆ ಸೀರೆ ಬೇಕಿರಲಿಲ್ಲ, ಒಡವೆ ಬೇಕಿರಲಿಲ್ಲ. ಆ ಬಾಯಿಂದ, ನನ್ನ ಕೈಯಡುಗೆಗೆ, ಒಂದು 'ಚೆನ್ನಾಗಿದೆ' ಬೇಕಿತ್ತು. ಹೇಳಲು ಈಗ ನಾಚಿಕೆಯೇನಿಲ್ಲ, ದಿನವೂ ಉಂಡೂ ನಾನು ಅದಕ್ಕಾಗಿ ಹಸಿದಿದ್ದೆ.

ಒಂದು ಸಲ ಹೊಳೆದಂಡೆಯ ಊರೊಂದಕ್ಕೆ ಹೋಗಿದ್ದೆವು. ಅಲ್ಲಿ ನಾಗವೇಣಮ್ಮ ಎಂಬಾಕೆ ತಮ್ಮ ಮನೆಯ ಪಡಸಾಲೆಯಲ್ಲೇ ಪರ ಊರಿನವರಿಗೆ ಊಟ ಹಾಕುತ್ತಿದ್ದರು. ಇವರು ಹೊಳೆಗೆ ಸ್ನಾನಕ್ಕೆ ಹೋಗಿದ್ದ ಹೊತ್ತಿನಲ್ಲಿ, ಆಕೆ ಗಂಜಿ ಬಸಿಯಲು ಹೋಗಿ ಎಡಗೈ ಸುಟ್ಟುಕೊಂಡರು. ಅನ್ನ, ಸಾರು ಆಗಿತ್ತು. ಗೊಜ್ಜಿಗೆಂದು ಹೆಚ್ಚಿಟ್ಟ ಹಾಗಲಕಾಯಿ ಹಾಗೇ ಉಳಿದಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಕೂತೆ. ಹೋಳುಗಳನ್ನು ಎಣ್ಣೆಯಲ್ಲಿ ಕಪ್ಪಗಾಗುವಂತೆ ಬಾಡಿಸಿ, ಹುಣಸೆರಸ ಬೆಲ್ಲ ಹಾಕಿ ಕುದಿಸಿ, ಕೊನೆಗೆ ಹುಚ್ಚೆಳ್ಳನ್ನು ಹುರಿದು ಪುಡಿಮಾಡಿ ಉದುರಿಸಿದೆ. ಅದು ನನ್ನ ತವರಿನ ಕ್ರಮ. ಗಂಡನ ಮನೆಯಲ್ಲಿ ಹುಚ್ಚೆಳ್ಳಿಗೆ ಪ್ರವೇಶವಿರಲಿಲ್ಲ. "ಅದರ ಹಿಂಡಿ ದನಕ್ಕೆ ಹಾಕೋದು" ಎಂದು ಮದುವೆಯಾದ ಹೊಸದರಲ್ಲೇ ಇವರು ನಾನು ತಂದದ್ದನ್ನೆಲ್ಲ ಹೊರಗೆ ಹಾಕಿಸಿದ್ದರು.

"ನಾನು ಮಾಡ್ದೆ ಅಂತ ಹೇಳ್ಬೇಡಿ ಅಮ್ಮಾ. ಒಂದ್ಸಲ ಅವರ ಬಾಯಿಂದ ಕೇಳ್ಬೇಕು" ಎಂದು ನಾಗವೇಣಮ್ಮನವರನ್ನು ಬೇಡಿಕೊಂಡೆ. ಆಕೆ ನನ್ನ ಮುಖವನ್ನೇ ನೋಡಿ, ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಡಿಸಲು ಹೋದರು.

ಇವರು ಗೊಜ್ಜನ್ನು ಕೇಳಿ ಕೇಳಿ ಹಾಕಿಸಿಕೊಂಡರು. "ಇದಪ್ಪಾ ಕೈ ಅಂದ್ರೆ! ಇದೇನಮ್ಮಾ ಈ ಘಮ?"

"ಹುಚ್ಚೆಳ್ಳು" ಎಂದರು ನಾಗವೇಣಮ್ಮ.

"ಆಹಾ! ಹುಚ್ಚೆಳ್ಳು!"

ನನ್ನ ಕಣ್ಣು ತುಂಬಿಬಂತು. ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನತ್ತ ತಿರುಗಿ, "ನೋಡಿ ಕಲ್ತುಕೋ. ನಿನ್ನ ಕೈಗೆ ಈ ಜನ್ಮದಲ್ಲಿ ಇದು ಬರೋದಿಲ್ಲ" ಎಂದರು. ತೆರೆದ ಬಾಯನ್ನು ಮುಚ್ಚಿಕೊಂಡೆ. ಡಬ್ಬಿ ತುಂಬಿತು, ಕೊಂಡಿ ಟಕ್ಕೆಂದಿತು. ದಾರಿಯುದ್ದಕ್ಕೂ ಇವರು ನಾಗವೇಣಮ್ಮನ ಗುಣಗಾನ ಮಾಡಿದರು, ನಾನು ಹಲ್ಲು ಕಚ್ಚಿಕೊಂಡು ಕೇಳಿದೆ.

ಊರಿಗೆ ಬಂದವರೇ ಅಂಗಡಿಗೆ ಹೋಗಿ ಹುಚ್ಚೆಳ್ಳನ್ನು ತಾವೇ ತಂದುಕೊಟ್ಟರು. ಊಟಕ್ಕೆ ಇವರ ಸ್ನೇಹಿತ ಪದ್ಮನಾಭಯ್ಯನವರೂ ಅವರ ಹೆಂಡತಿ ಅಂಬುಜಾಕ್ಷಿಯೂ ಬಂದರು. ಪ್ರತಿ ಎಲೆಗೂ ಎರಡೆರಡು ಬಟ್ಟಲು ಇಟ್ಟೆ. ಇವರು ಎಡದ್ದನ್ನು ಬಾಯಿಗಿಟ್ಟು ತಲೆದೂಗಿದರು. ಬಲದ್ದನ್ನು ಮುಟ್ಟುವ ಮೊದಲೇ ಮೂತಿ ಸಿಂಡರಿಸಿ, ಆಮೇಲೆ ನಾಲಿಗೆಗೆ ಹಚ್ಚಿದರು.

"ಬಣ್ಣವೇ ಸತ್ತಿದೆ ನೋಡಿ. ಬೆಲ್ಲ ಮುಂದೆ ನುಗ್ಗಿದೆ. ಆಕೆ ಹೇಳಿದ್ದನ್ನೇ ಹಾಕಿದಾಳೆ, ಆದ್ರೂ ಇದಕ್ಕೆ ಜೀವ ಇಲ್ಲ. ಏನಂತೀರಿ ಪದ್ಮನಾಭಯ್ಯ?"

"ಹೌದು ರಾಯರೇ, ಸ್ವಲ್ಪ ವ್ಯತ್ಯಾಸ ಗೊತ್ತಾಗುತ್ತೆ" ಎಂದರು ಅವರು.

ನಾನು ಸೌಟು ಕೆಳಗಿಟ್ಟೆ. "ಆವತ್ತು ನಾಗವೇಣಮ್ಮ ಕೈ ಸುಟ್ಕೊಂಡಿದ್ರು. ನೀವು ಹೊಳೆಗೆ ಹೋದಾಗ ಆ ಗೊಜ್ಜು ಮಾಡಿದ್ದು ನಾನು."

ಇವರ ಕೈ ಎಲೆಯ ಮೇಲೇ ನಿಂತಿತು. ಆದರೆ ಸೋಲುವ ಜನವೇ? "ಇರಬಹುದು" ಎಂದರು. "ಆ ಊರಿನ ನೀರೇ ಬೇರೆ. ಅದೇ ಕೈ ಇಲ್ಲಿ ಮಾಡಿದ್ರೆ ಹೀಗಾಗುತ್ತೆ."

"ಕುಣೀಲಾರದೋರು ನೆಲ ಡೊಂಕು ಅಂದ್ರಂತೆ" ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. "ಇವತ್ತು ನಾನು ಗೊಜ್ಜು ಮಾಡೇ ಇಲ್ಲ ರೀ. ನೀವು ತಂದ ಹುಚ್ಚೆಳ್ಳು ಪೊಟ್ಟಣ ಬಿಚ್ಚದೆ ಒಳಗಿದೆ, ನೋಡ್ಕೊಳ್ಳಿ. ಎರಡು ಬಟ್ಟಲಲ್ಲೂ ಇರೋದು ಅದೇ ಡಬ್ಬೀದು."

ಪದ್ಮನಾಭಯ್ಯನವರು ಉಪ್ಪಿನಕಾಯಿಯನ್ನು ಬಹಳ ಗಮನವಿಟ್ಟು ನೋಡತೊಡಗಿದರು. ಅಂಬುಜಾಕ್ಷಿ ಮಾತ್ರ ಗಂಡನ ಎಲೆಯಿಂದ ಬಲಗಡೆಯ ಬಟ್ಟಲನ್ನು ಎತ್ತಿ ತಮ್ಮ ಅನ್ನದ ಮೇಲೆ ಸುರಿದುಕೊಂಡು, "ಹಿತ್ತಲ ಗಿಡ ಮದ್ದಲ್ಲ ಬಿಡಿ" ಎಂದರು. ಇವರು ಅರ್ಧ ಊಟದಲ್ಲೇ ಎದ್ದು ಕೈ ತೊಳೆದರು.

ಆಮೇಲೆ ಎರಡು ಬಟ್ಟಲಿನ ಊಟ ನಿಂತಿತು. ಹಾಗೆಂದು 'ಚೆನ್ನಾಗಿದೆ' ಎಂಬ ಮಾತೂ ಬರಲಿಲ್ಲ. ಗೋಡೆ ನೋಡುತ್ತ ಉಣ್ಣುತ್ತಿದ್ದರು. ನಾನೂ ಗೋಡೆಗೆ ಬಡಿಸಿದಂತೆ ಬಡಿಸುತ್ತಿದ್ದೆ. ದಿನವೂ ಹುಚ್ಚೆಳ್ಳು ಹಾಕುತ್ತಿದ್ದೆ, ಬೇಕಾದದ್ದಕ್ಕೂ, ಬೇಡವಾದದ್ದಕ್ಕೂ.

ಮುಂದಿನ ಪ್ರಯಾಣದಲ್ಲಿ ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಮೊದಲ ಬಾರಿಗೆ ಅದು ಮನೆಯಿಂದಲೇ ತುಂಬಿಕೊಂಡು ಹೊರಟಿತ್ತು. ರೈಲು ಊರು ದಾಟಿದ ಮೇಲೆ ಇಬ್ಬರ ಎಲೆಗೂ ಮೊಸರನ್ನ ಹಾಕಿ ಕೊಂಡಿ ತೆಗೆದೆ. ಘಮ ಡಬ್ಬಿಯಿಂದ ಎದ್ದು ಬಂತು. ಇವರು ಕಿಟಕಿಯಾಚೆ ನೋಡುತ್ತಲೇ ಎಲೆಯನ್ನು ನನ್ನತ್ತ ಸರಿಸಿದರು.

"ಏನು ಬೇಕು?" ಎಂದೆ.

"ಗೊಜ್ಜು."

"ಯಾರ ಕೈದು?"

ಕಿಟಕಿಯಾಚೆ ಗದ್ದೆಗಳು ಹಿಂದೆ ಸರಿದವು. ನಾನು ಕಾದೆ. ಒಂದು ನಿಲ್ದಾಣ ಬಂತು, ಹೋಯಿತು. ಇವರು ಎಲೆಯನ್ನು ಹಿಂದಕ್ಕೆಳೆದುಕೊಂಡು ಬರಿಯ ಮೊಸರನ್ನ ಕಲಸಿ ಉಣ್ಣತೊಡಗಿದರು.

ನಾನು ಮುಚ್ಚಳ ಒತ್ತಿ ಕೊಂಡಿ ಹಾಕಿದೆ. ಟಕ್ಕೆಂದಿತು. ಡಬ್ಬಿ ನನ್ನ ಮಡಿಲಲ್ಲಿ ಇನ್ನೂ ಬೆಚ್ಚಗಿತ್ತು.