ಅಕ್ಕಿ ಚೀಲದ ಪಾದಗಳು

ಕಾಲುವೆಗೆ ನೀರು ಬಂದು, ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಮೇಲಿನ ಮಾತು. ಸಗರ ಎಂಬ ಊರಿನಲ್ಲಿ ಒಬ್ಬ ಹುಡುಗಿಯಿದ್ದಳು. ಅಜ್ಜಿ ಹೇಳುವ ಕತೆಯಾಗಿದ್ದರೆ ಅವಳು ಏಳು ಸಮುದ್ರ ದಾಟಿ ಹೂವು ತರಬೇಕಿತ್ತು. ಈ ಮಾನಮ್ಮ ತರಬೇಕಾದದ್ದು ಒಂದೇ ಒಂದು ಪತ್ರ. ಕಲಬುರಗಿಯ ಕಾಲೇಜಿನಲ್ಲಿ ಅವಳು ಡಿಸೈನ್ ಓದುತ್ತಿದ್ದಳು. ಎಲ್ಲಾದರೂ ಆರು ವಾರ ಕೆಲಸ ಮಾಡಿ ಮಾಲೀಕರ ಸಹಿಯಿರುವ ಪತ್ರ ತರದಿದ್ದರೆ, ಆ ವರ್ಷವನ್ನೇ ಮತ್ತೆ ಓದಬೇಕು.

ಯಾದಗಿರಿಯ ಪ್ರೆಸ್ಸಿನವನು, "ಮದುವಿ ಸೀಜನ್ ಮುಗದದವ್ವ, ಎಲೆಕ್ಷನ್ ಬಂದಾಗ ಬಾ" ಅಂದ. ಸುರಪುರದ ಫ್ಲೆಕ್ಸ್ ಅಂಗಡಿಯವನು ಒಬ್ಬ ಲೀಡರನ ಫೋಟೊ ತೆರೆದಿಟ್ಟು, "ಮುಖ ಬೆಳ್ಳಗ ಮಾಡು, ನೋಡೂಣು" ಅಂದ.

"ಇದ್ದ ಬಣ್ಣಾನ ಛಂದ ಅದಲ್ರೀ" ಎಂದಳು ಮಾನಮ್ಮ. ಆ ಬಾಗಿಲೂ ಮುಚ್ಚಿತು.

ಮೂರನೆಯ ಬಾಗಿಲು ಶಹಾಪುರದ ಅಕ್ಕಿ ಮಿಲ್ಲಿನದು. ಮಾಲೀಕ ಖಂಡಪ್ಪ ಅವಳ ಚಿತ್ರಗಳನ್ನು ಒಂದೊಂದಾಗಿ ತಿರುವಿದ.

"ನೋಡವ್ವ, ನಮ್ಮಲ್ಲಿ ಹಳೇ ಅಕ್ಕಿ ಬ್ಯಾರೆ, ಹೊಸ ಅಕ್ಕಿ ಬ್ಯಾರೆ. ಲಾರಿಗೆ ಏರಿಸೂವಾಗ ಅದಲು ಬದಲು ಆಗ್ತಾವ. ಮುದ್ದಿಯಾದ ಅನ್ನ ಉಂಡವರು ನನಗ ಫೋನ್ ಹಚ್ಚಿ ಬೈತಾರ. ಹಂಗ ಆಗಲಾರದಂಥ ಚೀಲ ಮಾಡಿಕೊಡು, ಸಹಿ ಹಾಕ್ತೀನಿ."

"ಮಾಡಿಕೊಡ್ತೀನ್ರಿ ಸಾವ್ಕಾರ್ರ."

ಹಳೆ ಅಕ್ಕಿಗೆ ಬೊಚ್ಚು ಬಾಯಿ ಬಿಟ್ಟು ನಗುವ ಮುದುಕಿ, ಹೊಸ ಅಕ್ಕಿಗೆ ಬಾಸಿಂಗ ಕಟ್ಟಿದ ಮದುವಣಗಿತ್ತಿ. ನಾಲ್ಕು ವಾರ ಬರೆದಳು, ಅಳಿಸಿದಳು, ಮತ್ತೆ ಬರೆದಳು. ರಾಯಚೂರಿನಿಂದ ಮೊದಲ ಕಂತಿನ ಚೀಲಗಳು ಅಚ್ಚಾಗಿ ಬಂದಾಗ ಮೂಟೆ ಹೊರುವ ಹಮಾಲರೆಲ್ಲ ಸುತ್ತ ನಿಂತು ನೋಡಿದರು. "ಮುದುಕಿ ಥೇಟ್ ನಮ್ಮ ಅತ್ತೀನ" ಎಂದು ಒಬ್ಬ ಹೆದರಿದಂತೆ ಮಾಡಿದ.

ಮರುದಿನ ಲಾರಿ ತುಂಬಿದಾಗ ಏಳು ಮದುವಣಗಿತ್ತಿಯರು ಮುದುಕಿಯರ ಲಾರಿಯಲ್ಲಿ ಕುಳಿತಿದ್ದರು.

"ಚಿತ್ರ ಛಲೋ ಅದ. ಆದ್ರ ಕೆಲಸ ಆಗಿಲ್ಲಲ್ಲವ್ವ" ಎಂದ ಖಂಡಪ್ಪ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಉಳಿದದ್ದು ಎರಡೇ ವಾರ.

ಚೀಲದ ಬಾಯಿ ಹೊಲಿಯುವ ಶರೀಫಾಬೀ ಮಷಿನ್ ನಿಲ್ಲಿಸಿ ಎದ್ದಳು. ಮಾನಮ್ಮನ ರಟ್ಟೆ ಹಿಡಿದು ಗೋದಾಮಿನೊಳಗೆ ಒಯ್ದಳು. ಅಲ್ಲಿ ಚೀಲಗಳನ್ನು ಒಂದರ ಮೇಲೊಂದು ಮಲಗಿಸಿ ಸೂರಿನವರೆಗೆ ಒಟ್ಟಿದ್ದರು.

"ನಿನ್ನ ಮುದುಕಿ ಎಲ್ಲಿ ಅದಾಳ ಬೇಟಿ, ತೋರ್ಸು."

ಮಾನಮ್ಮ ನೋಡಿದಳು. ಮುದುಕಿಯೂ ಇಲ್ಲ, ಮದುವಣಗಿತ್ತಿಯೂ ಇಲ್ಲ. ಸಾಲುಸಾಲು ಬೋಳು ಬಿಳಿ ತಳಗಳು.

"ಬಾಯಿ ಒಳಗ, ತಳ ಹೊರಗ. ಹಂಗ ಒಟ್ಟಿದ್ರ ಹೊಲಿಗಿ ಬಿಚ್ಚಿದ್ರೂ ಕಾಳು ಚೆಲ್ಲಂಗಿಲ್ಲ. ಹಮಾಲರು ಚೀಲದ ಮುಖ ನೋಡೂದು ಬೆನ್ನಿಗಿ ಹಾಕ್ಕೊಂಡ ಮ್ಯಾಲೇನು?"

"ಮದಲ ಹೇಳಬಾರದೇನ್ರಿ ಚಾಚಿ?"

"ನೀ ಕೇಳಿದ್ಯೇನು? ನಾಲ್ಕ್ ವಾರ ಆಫೀಸ್‌ನಾಗ ಫ್ಯಾನ್ ಕೆಳಗ ಕುಂತಿದ್ದಿ."

ಮಾನಮ್ಮನಿಗೆ ನಾಚಿಕೆಯಾಯಿತು, ನಗುವೂ ಬಂತು. ಅಲ್ಲೇ ಗೋದಾಮಿನ ನೆಲದ ಮೇಲೆ ಕುಳಿತು ಪೆನ್ಸಿಲ್ ತೆಗೆದಳು. ಮುದುಕಿಯ ಸೀರೆ ಉದ್ದವಾಯಿತು, ಮದುವಣಗಿತ್ತಿಯದೂ ಉದ್ದವಾಯಿತು. ಚಿತ್ರ ಇಳಿಯುತ್ತ ಇಳಿಯುತ್ತ ಚೀಲದ ತಳಕ್ಕೆ ಮಡಚಿಕೊಂಡಿತು. ತಳದಲ್ಲಿ ಪಾದಗಳು ಬಂದವು: ಮುದುಕಿಯದು ಒಡೆದ ಹಿಮ್ಮಡಿಯ ಕರಿ ಪಾದ, ಮದುವಣಗಿತ್ತಿಯದು ಅರಿಷಿಣ ಹಚ್ಚಿ ಕಾಲುಂಗುರ ತೊಟ್ಟ ಹಳದಿ ಪಾದ.

ಖಂಡಪ್ಪ ಹುಬ್ಬು ಗಂಟಿಕ್ಕಿದ. "ಉಣ್ಣೂ ಅಕ್ಕಿಗಿ ಕಾಲು ಹಚ್ಚತಾರೇನವ್ವ?"

"ಲಕ್ಷ್ಮಿ ಮನಿಯೊಳಗ ಬರೂದು ಕಾಲಿಂದನ ಅಲ್ಲೇನ್ರಿ? ನಾವು ಹೊಸ್ತಿಲ ಮುಂದ ಬರಿಯೂದೂ ಆಕಿ ಪಾದಾನ."

ಖಂಡಪ್ಪ ಆ ಪಾದಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ ರಾಯಚೂರಿನ ಅಚ್ಚಿನವರಿಗೆ ಫೋನ್ ಹಚ್ಚಿದ.

ಆರನೆಯ ವಾರದ ಕೊನೆಯ ದಿನ ಗೋದಾಮಿನ ತುಂಬ ಪಾದಗಳೇ ಪಾದಗಳು. ಒಂದೂರಿನ ಹೆಂಗಸರೆಲ್ಲ ಬಂದು ಸಾಲಾಗಿ ಮಲಗಿದ ಹಾಗಿತ್ತು.

"ಕಾಲುಂಗುರದವು ಮುಂದಿನ ಲಾರಿಗಿ, ಹಿಮ್ಮಡಿ ಒಡದವು ಹಿಂದಿನದಕ್ಕ" ಎಂದು ಶರೀಫಾಬೀ ಕೂಗಿದಳು.

"ಅತ್ತೀನ ನಾ ಹೊರಂಗಿಲ್ಲ, ಸೊಸೀನ ಹೊರ್ತೀನಿ" ಎಂದ ಅದೇ ಹಮಾಲ. ಎಲ್ಲರೂ ನಕ್ಕರು, ಕೆಲಸ ಮಾತ್ರ ನಿಲ್ಲಲಿಲ್ಲ. ಮಾನಮ್ಮ ಉಗುರು ಕಚ್ಚುತ್ತ ಬಾಗಿಲಲ್ಲೇ ನಿಂತಿದ್ದಳು.

ಹಗ್ಗ ಬಿಗಿಯುವ ಮೊದಲು ಖಂಡಪ್ಪ ತಾನೇ ಎರಡೂ ಲಾರಿ ಹತ್ತಿ, ಸಾಲು ಸಾಲಾಗಿ ನೋಡಿ ಇಳಿದ. ಒಂದು ಚೀಲವೂ ತಪ್ಪಿರಲಿಲ್ಲ. ಲಾರಿಯ ಬಾನೆಟ್ಟಿನ ಮೇಲೆಯೇ ಪತ್ರ ಹರವಿ, ಕನ್ನಡದಲ್ಲಿ ದೊಡ್ಡದಾಗಿ ಸಹಿ ಹಾಕಿದ.